20 ಪಟ್ಟು, 34 ಪಟ್ಟು

ಗಾಂಧಿ ಬಜಾರಿನಲ್ಲಿ ಮಲ್ಲಿಗೆಯನ್ನು ಈಗಲೂ ಮೊಳ ಹಾಕಿ ಅಳೆದುಕೊಡುತ್ತಾರೆ. ಒಂದು ಮೊಳ, ಅರ್ಧ, ಕಾಲು. ಆದರೆ ಮೊಳವನ್ನು ಎಷ್ಟೇ ಸಮಪಾಲು ಮಾಡಿದರೂ ಆ ಪಾಲುಗಳಿಗೆ ಸರಿಯಾಗಿ ಸಿಗದ ಉದ್ದಗಳಿವೆ. ಮೊಳದುದ್ದದ ಬಾಹುವಿನ ಚೌಕದ ಕರ್ಣ ಅಂಥದ್ದು. ಅದೇ ಅಭಾಗಲಬ್ಧ ಸಂಖ್ಯೆ. ಎರಡರ ವರ್ಗಮೂಲ ಅಂಥದ್ದೆಂದು ಸಾಧಿಸಲು ಹತ್ತನೇ ತರಗತಿಯ ಗಣಿತ ಸಾಕು. ಆದರೆ 1 + 1/8 + 1/27 + 1/64 ಎಂದು ಕೊನೆಯಿಲ್ಲದೆ ಕೂಡುತ್ತಾ ಹೋದರೆ ಬರುವ 1.2020569... ಭಿನ್ನರಾಶಿಯೇ, ಅಲ್ಲವೇ?

ಘನಗಳ ಬದಲು ವರ್ಗಗಳಿದ್ದರೆ ಮೊತ್ತ ಪೈ ವರ್ಗದ ಆರನೇ ಒಂದು ಪಾಲು ಎಂದು 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಕಂಡುಕೊಂಡ. ಸಮ ಘಾತಗಳಲ್ಲೆಲ್ಲ ಪೈ ಕೈಹಿಡಿಯುತ್ತದೆ. ಬೆಸ ಘಾತಗಳಿಗೆ ಅಂಥ ಆಸರೆ ಸಿಕ್ಕಿಲ್ಲ. 1978ರಲ್ಲಿ ಫ್ರಾನ್ಸಿನ ಗಣಿತಜ್ಞ ರೋಜೆ ಅಪೇರಿ ತಮ್ಮ 61ನೇ ವಯಸ್ಸಿನಲ್ಲಿ ಘನಗಳ ಮೊತ್ತ ಅಭಾಗಲಬ್ಧವೆಂದು ಮಾರ್ಸೇಯಲ್ಲಿ ಸಾರಿದಾಗ ಕೇಳುಗರು ಮೊದಲು ನಂಬಲಿಲ್ಲ.

ಮೊತ್ತ p/q ಎಂಬ ಭಿನ್ನರಾಶಿ ಎಂದಿಟ್ಟುಕೊಳ್ಳಿ. ಅದನ್ನೊಂದು ಪೂರ್ಣಾಂಕದಿಂದ ಗುಣಿಸಿ, ಇನ್ನೊಂದು ಪೂರ್ಣಾಂಕ ಕಳೆದರೆ ಉಳಿಯುವುದು ಸೊನ್ನೆ, ಇಲ್ಲವೇ ಕನಿಷ್ಠ 1/q. ಸೊನ್ನೆಯಾಗದೆ ಎಷ್ಟು ಬೇಕಾದರೂ ಕುಗ್ಗುವ ಶೇಷ ತೋರಿಸಿದರೆ p/q ಬಿದ್ದುಹೋಯಿತು. ಅಪೇರಿ ಹೆಜ್ಜೆ ಹೆಜ್ಜೆಯಾಗಿ ಇಂಥ ಶೇಷಗಳ ಸಾಲನ್ನೇ ಕಟ್ಟಿದರು; ಆ ಶೇಷ ಹೆಜ್ಜೆಗೆ ಸುಮಾರು 34 ಪಟ್ಟು ಕುಗ್ಗುತ್ತದೆ. ತೊಡಕೆಂದರೆ, ಕಳೆಯುವ ಸಂಖ್ಯೆ ಪೂರ್ಣಾಂಕವಲ್ಲ. ಅದರ ಛೇದ ಹೋಗಲಾಡಿಸಲು n ನೇ ಹೆಜ್ಜೆಯಲ್ಲಿ 1ರಿಂದ n ವರೆಗಿನ ಸಂಖ್ಯೆಗಳ ಲ.ಸಾ.ಅ.ದ (ಲಘುತ್ತಮ ಸಾಮಾನ್ಯ ಅಪವರ್ತ್ಯ) ಘನದಿಂದ ಎಲ್ಲವನ್ನೂ ಗುಣಿಸಬೇಕು. ಹಾಗೆ ಗುಣಿಸಿದರೆ ಶೇಷವೂ ಹಿಗ್ಗುತ್ತದೆ!

ಬಸವನಗುಡಿಯ ನಮ್ಮ ಮನೆಗೆ ಪಾಠಕ್ಕೆ ಬರುವ ಹುಡುಗಿಯಿಂದ ಈ ಲ.ಸಾ.ಅ. ಲೆಕ್ಕ ಮಾಡಿಸಿದೆ. 10ರವರೆಗೆ 2520. 11ಕ್ಕೆ 27720. 12ಕ್ಕೂ ಅಷ್ಟೇ. "ಯಾಕ್ ಸರ್ ನಿಂತೋಯ್ತು?" ಅಂದಳು. 13ಕ್ಕೆ ಮತ್ತೆ ಜಿಗಿಯಿತು: 360360. ಅವಿಭಾಜ್ಯ ಸಂಖ್ಯೆಯೋ ಅದರ ಘಾತವೋ ಬಂದಾಗ ಮಾತ್ರ ಅದು ಬೆಳೆಯುತ್ತದೆ. ಅವಿಭಾಜ್ಯಗಳು ಎಷ್ಟು ದಟ್ಟವಾಗಿವೆ ಎಂಬುದೇ ಇದರ ವೇಗವನ್ನು ಗೊತ್ತುಮಾಡುತ್ತದೆ: ದೂರ ಹೋದಂತೆ ಸರಾಸರಿ ಹೆಜ್ಜೆಗೆ 2.718 ಪಟ್ಟು. ಅದರ ಘನ ಸುಮಾರು 20.

20 ಪಟ್ಟು ಹಿಗ್ಗಿದರೂ 34 ಪಟ್ಟು ಕುಗ್ಗುವುದರಿಂದ ಶೇಷ ಸೊನ್ನೆಯತ್ತಲೇ ಸರಿಯುತ್ತದೆ. ಇಡೀ ಸಾಧನೆ ಈ ಎರಡು ಸಂಖ್ಯೆಗಳ ನಡುವಿನ ಅಂತರದ ಮೇಲೆ ನಿಂತಿದೆ. ಇಷ್ಟು ವರ್ಷಗಳಾದರೂ ಅದು ನನಗೆ ರೋಮಾಂಚನ ತರುತ್ತದೆ.

ಐದನೇ ಘಾತಗಳ ಮೊತ್ತಕ್ಕೆ ಬಂದರೆ ಹಿಗ್ಗು 2.718ರ ಐದನೇ ಘಾತ, ಸುಮಾರು 148 ಪಟ್ಟು. ಅದನ್ನು ಮೀರಿಸಿ ಕುಗ್ಗುವ ಶೇಷ ಯಾರಿಗೂ ಸಿಕ್ಕಿಲ್ಲ. 5, 7, 9, 11ನೇ ಘಾತಗಳ ಮೊತ್ತಗಳಲ್ಲಿ ಒಂದಾದರೂ ಅಭಾಗಲಬ್ಧ ಎಂದು 2001ರಲ್ಲಿ ಗಣಿತಜ್ಞ ಜುದಿಲಿನ್ ಸಾಧಿಸಿದರು. ನಾಲ್ಕರಲ್ಲಿ ಅದು ಯಾವುದೆಂದು ಅವರ ಸಾಧನೆ ಹೇಳುವುದಿಲ್ಲ.