ಸಾಹುಕಾರರ ತೋಟ, ರೈಟರ ಲೆಕ್ಕ: ಹಣ, ಆಸ್ತಿ ಬಗ್ಗೆ ಬೈಬಲ್ ಕ್ಲಾಸಿನ ಟಿಪ್ಪಣಿ

ಚಿಕ್ಕಮಗಳೂರಿನ ನಮ್ಮ ಬೈಬಲ್ ಕ್ಲಾಸಿನಲ್ಲಿ ಮೂರು ವಾರದಿಂದ ಹಣ, ಆಸ್ತಿ ವಿಷಯ ಓದುತ್ತಿದ್ದೇವೆ. ಕಾಫಿ ಕೊಯ್ಲಿನ ಕಾಲ, ಅರ್ಧ ಜನಕ್ಕೆ ಬರಲಾಗಲಿಲ್ಲ. ಅವರಿಗಾಗಿ ಇದನ್ನು ಬರೆದಿದ್ದೇನೆ. ವಚನಗಳನ್ನು ಪೂರ್ತಿ ಬರೆದಿಲ್ಲ, ನಂಬರ್ ಮಾತ್ರ ಕೊಟ್ಟಿದ್ದೇನೆ. ಬೈಬಲ್ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ಒಂದು ಪದ. ಕನ್ನಡ ಬೈಬಲಿನಲ್ಲಿ ‘ಮನೆವಾರ್ತೆಯವನು’ ಅಂತ ಬರುತ್ತದೆ. ಕೇಳಿದ ಕೂಡಲೇ ಮನೆಗೆಲಸದವನು ಅನ್ನಿಸುತ್ತದೆ, ಅಲ್ವಾ? ಗ್ರೀಕಿನಲ್ಲಿ ಅದು ಓಯ್ಕೊನೊಮೊಸ್. ಓಯ್ಕೊಸ್ ಅಂದರೆ ಮನೆ. ಉಳಿದರ್ಧಕ್ಕೆ ನಡೆಸುವುದು, ಹಂಚುವುದು ಎಂಬ ಅರ್ಥ. ಯಜಮಾನನ ಮನೆ, ಹೊಲ, ಆಳುಕಾಳು, ದುಡ್ಡು ಎಲ್ಲ ನೋಡಿಕೊಳ್ಳುವವನು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದ ರೈಟರು ಅಂದರೆ ಸಾಕು.

ನಮ್ಮಪ್ಪ ಆಲ್ದೂರು ಕಡೆ ಒಂದು ತೋಟದಲ್ಲಿ ರೈಟರಾಗಿದ್ದರು. ಸಾಹುಕಾರರು ಇದ್ದದ್ದು ಬೆಂಗಳೂರಲ್ಲಿ. ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಗೊಬ್ಬರ ಯಾವಾಗ ತರಿಸಬೇಕು, ಮರಗಸಿಗೆ (ನೆರಳು ಮರದ ಕೊಂಬೆ ಕಡಿಯುವುದಕ್ಕೆ) ಎಷ್ಟು ಆಳು ಹಾಕಬೇಕು, ಮೆಣಸು ಈಗ ಕೊಡಬೇಕಾ ತಡೆಯಬೇಕಾ, ಎಲ್ಲ ಅಪ್ಪನ ತೀರ್ಮಾನ. ಬಾಯಲ್ಲಿ ಯಾವಾಗಲೂ ‘ನಮ್ಮ ತೋಟ’ ಅಂತಲೇ ಅನ್ನುತ್ತಿದ್ದರು. ಪುಸ್ತಕದಲ್ಲಿ ಮಾತ್ರ ‘ಸಾಹುಕಾರರ ಖಾತೆ’. ಸಂಜೆ ಕಾಫಿ ಹಣ್ಣು ತೂಗುವಾಗ ಒಂದು ಅಭ್ಯಾಸ ಇತ್ತು. ಗೋಣಿಚೀಲದ ತೂಕ ಅಂದಾಜಿಗೆ ಕಳೆಯುತ್ತಿರಲಿಲ್ಲ. ಮಂಜಿಗೆ ನೆಂದ ಚೀಲ ಭಾರ, ಒಣ ಚೀಲ ಹಗುರ. ಜಾಸ್ತಿ ಕಳೆದರೆ ಕುಯ್ಯುವವರಿಗೆ ನಷ್ಟ, ಕಮ್ಮಿ ಕಳೆದರೆ ಸಾಹುಕಾರರಿಗೆ. ಅದಕ್ಕೆ ಖಾಲಿ ಚೀಲವನ್ನೂ ತಕ್ಕಡಿಗೆ ಹಾಕುತ್ತಿದ್ದರು. ಹಿಂದೆ ನಿಂತವರು ಬೈದುಕೊಳ್ಳುತ್ತಿದ್ದರು, ಹೊತ್ತಾಗುತ್ತೆ ಅಂತ. ನಾನೂ ಬೈದುಕೊಂಡಿದ್ದೇನೆ.

ಈ ಚಿತ್ರ ತಲೆಯಲ್ಲಿಟ್ಟುಕೊಂಡು ಕೀರ್ತನೆ 24:1 ಓದಿ. ಭೂಮಿ, ಅದರಲ್ಲಿರುವುದೆಲ್ಲ ಕರ್ತನದು. ಆಮೇಲೆ ಯಾಜಕಕಾಂಡ 25. ಇಸ್ರಾಯೇಲಿನಲ್ಲಿ ಹೊಲವನ್ನು ಶಾಶ್ವತವಾಗಿ ಮಾರುವ ಹಾಗಿರಲಿಲ್ಲ. ನೆಲ ನನ್ನದು, ನೀವು ನನ್ನ ಹತ್ತಿರ ಇಳಿದುಕೊಂಡವರು ಅನ್ನುತ್ತಾನೆ ದೇವರು (25:23). 50ನೇ ವರ್ಷ, ಜೂಬಿಲಿಗೆ, ಹೊಲ ಮೊದಲಿನ ಮನೆತನಕ್ಕೆ ವಾಪಸ್. ಹಾಗಾದರೆ ರೇಟು ಹೇಗೆ ಕಟ್ಟುವುದು? ಜೂಬಿಲಿಗೆ ಇನ್ನು ಎಷ್ಟು ಫಸಲು ಬಾಕಿ ಇದೆಯೋ ಅಷ್ಟಕ್ಕೆ (25:15-16). ವರ್ಷ ಜಾಸ್ತಿ ಉಳಿದಿದ್ದರೆ ಬೆಲೆ ಜಾಸ್ತಿ, ಕಮ್ಮಿ ಇದ್ದರೆ ಕಮ್ಮಿ. ನಮ್ಮ ಫಸಲು ಗುತ್ತಿಗೆಯ ಲೆಕ್ಕವೇ ಇದು. ಕ್ರಯಪತ್ರ ಅಂದುಕೊಂಡದ್ದೆಲ್ಲ ಅಲ್ಲಿ ಗುತ್ತಿಗೆ ಪತ್ರ.

ತಲಾಂತಿನ ಕಥೆ (ಮತ್ತಾಯ 25:14-30) ಎಲ್ಲರಿಗೂ ಬಾಯಿಪಾಠ. ದೂರ ಹೊರಟ ಯಜಮಾನ ತನ್ನ ಹಣವನ್ನು ಆಳುಗಳ ಕೈಗೆ ಕೊಡುತ್ತಾನೆ. ಒಬ್ಬನಿಗೆ ಐದು ತಲಾಂತು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು. ಆ ಒಂದು ಸಿಕ್ಕವನ ಮೇಲೆ ನಮಗೆಲ್ಲ ಕನಿಕರ. ಲೆಕ್ಕ ಹಾಕಿ ನೋಡಿ. ಒಂದು ತಲಾಂತು ಅಂದರೆ 6000 ದೆನಾರಿಯಸ್. ಒಂದು ದೆನಾರಿಯಸ್ ಒಬ್ಬ ಆಳಿನ ಒಂದು ದಿನದ ಕೂಲಿ (ಮತ್ತಾಯ 20). ವರ್ಷಕ್ಕೆ 300 ದಿನ ಕೆಲಸ ಅಂದರೂ 20 ವರ್ಷದ ಸಂಬಳ. ಪಾಪ ಅನ್ನುವಂಥದ್ದೇನೂ ಇಲ್ಲ. ಅವನು ಅದನ್ನು ನೆಲದಲ್ಲಿ ಹೂತಿಟ್ಟದ್ದು ಕೂಡ ಆ ಕಾಲಕ್ಕೆ ದುಡ್ಡು ಜೋಪಾನ ಮಾಡುವ ಕ್ರಮವೇ. ಅವನು ಒಂದು ಕಾಸೂ ಕಳೆದಿಲ್ಲ, ಕದ್ದಿಲ್ಲ. ಆದರೂ ಬೈಸಿಕೊಂಡ. ಯಜಮಾನ ಕಠಿಣ ಮನುಷ್ಯ ಅಂತ ಮೊದಲೇ ತೀರ್ಮಾನ ಮಾಡಿ, ತನಗೆ ಅಪಾಯ ಬಾರದ ಹಾಗೆ ನೋಡಿಕೊಂಡ. ಸಾಹುಕಾರರು ಬೈದಾರು ಅಂತ ಹೆದರಿ ಎರಡು ವರ್ಷ ಗೊಬ್ಬರವನ್ನೇ ಹಾಕಿಸದ ರೈಟರ ಹಾಗೆ. ದುಡ್ಡೇನೋ ಉಳಿಯಿತು, ಗಿಡ ಹೋಯಿತು.

ಲೂಕ 16ರ ಮೋಸಗಾರ ಪಾರುಪತ್ಯಗಾರನ ಕಥೆಗೆ ಒಂದು ಸಂಜೆ ಪೂರ್ತಿ ಹೋಯಿತು. ಕೆಲಸ ಹೋಗುತ್ತದೆ ಅಂತ ಗೊತ್ತಾದ ಮೇಲೆ ಅವನು ಯಜಮಾನನ ಸಾಲಗಾರರನ್ನು ಕರೆದು ಸಾಲಪತ್ರದಲ್ಲಿ 100 ಅಳತೆ ಎಣ್ಣೆ ಇದ್ದದ್ದನ್ನು 50 ಮಾಡಿಸುತ್ತಾನೆ, 100 ಅಳತೆ ಗೋಧಿಯನ್ನು 80. ಯಜಮಾನ ಹೊಗಳಿದ್ದು ಅವನ ಚುರುಕುತನವನ್ನು. ಮೋಸಕ್ಕೆ ಅಲ್ಲಿ ಶಹಬ್ಬಾಸ್ ಇಲ್ಲ. ಕೈಯಲ್ಲಿರುವ ಅಧಿಕಾರ ಇನ್ನು ಸ್ವಲ್ಪ ದಿನ ಅಂತ ತಿಳಿದವನು ಅದನ್ನು ಜನರ ಕಡೆಗೆ ತಿರುಗಿಸಿದ. ನನಗೆ ಹಿಡಿಸಿದ್ದು ಇಷ್ಟೇ. ಉಳಿದದ್ದಕ್ಕೆ ಇನ್ನೂ ನನ್ನ ಹತ್ತಿರ ಉತ್ತರ ಇಲ್ಲ.

ದಶಮಾಂಶದ ಪ್ರಶ್ನೆ ಬಂದೇ ಬಂತು. ಹತ್ತರಲ್ಲಿ ಒಂದು ಪಾಲು ಕೊಡಲೇಬೇಕಾ? ಒಟ್ಟು ಸಂಬಳದ ಮೇಲಾ, ಕಡಿತ ಎಲ್ಲ ಹೋಗಿ ಕೈಗೆ ಬಂದದ್ದರ ಮೇಲಾ? ಅರ್ಧ ಗಂಟೆ ಇದೇ ಆಯಿತು. ಮೋಶೆಯ ನಿಯಮದಲ್ಲಿ ದಶಮಾಂಶ ಲೇವಿಯರಿಗೆ, ಅಂದರೆ ದೇವರ ಸೇವೆಗೆ ನಿಂತ ಕುಲದವರಿಗೆ (ಅರಣ್ಯಕಾಂಡ 18:21). ಮೂರು ವರ್ಷಕ್ಕೊಮ್ಮೆ ಊರಲ್ಲೇ ಇಟ್ಟು ಲೇವಿಯರ ಜೊತೆ ಪರದೇಶಿ, ಅನಾಥ, ವಿಧವೆಯರಿಗೂ ಉಣ್ಣಿಸಬೇಕು (ಧರ್ಮೋಪದೇಶಕಾಂಡ 14:28-29). ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ ಅನ್ನುವ ಮಲಾಕಿ 3:10 ಮಾತ್ರ ಓದಿ ಇದನ್ನು ಬಿಡುವುದು ನಮ್ಮಲ್ಲಿ ರೂಢಿ. ಅಪೊಸ್ತಲ ಪೌಲನಂತೂ ಪರ್ಸೆಂಟ್ ಹೇಳುವುದೇ ಇಲ್ಲ. ಬೇಸರದಿಂದಲೂ ಬೇಡ, ಬಲವಂತದಿಂದಲೂ ಬೇಡ ಅನ್ನುತ್ತಾನೆ (2 ಕೊರಿಂಥ 9:7). ನನಗೆ ಅನ್ನಿಸುವುದು, ಈ ಪ್ರಶ್ನೆಯಲ್ಲೇ ಎಡವಟ್ಟು ಇದೆ. ಹತ್ತು ದೇವರದು, ತೊಂಬತ್ತು ನನ್ನದು ಅನ್ನುವ ರೈಟರನ್ನು ಯಾವ ಸಾಹುಕಾರರು ಇಟ್ಟುಕೊಳ್ಳುತ್ತಾರೆ? ಆ ತೊಂಬತ್ತಕ್ಕೂ ಲೆಕ್ಕ ಇದೆ.

ತೊಂಬತ್ತರಲ್ಲಿ ಮೊದಲು ಬರುವುದು ಬಟವಾಡೆ, ಆಳುಗಳ ಕೂಲಿ. ಯಾಕೋಬ 5:4 ಓದಿದಾಗ ಕೋಣೆ ತಣ್ಣಗಾಯಿತು. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಅಂತ ಇದೆ. ಧರ್ಮೋಪದೇಶಕಾಂಡ 24:15ರಲ್ಲಿ ಹೊತ್ತು ಮುಳುಗುವ ಮೊದಲು ಕೂಲಿ ಕೊಡು ಅಂತ. ನಮ್ಮಲ್ಲಿ ನಾಲ್ಕೆಕರೆ ಇರುವವರೂ ಬರುತ್ತಾರೆ, ತೋಟದ ಕೂಲಿಯವರ ಲೈನ್ ಮನೆಯಿಂದಲೂ ಬರುತ್ತಾರೆ. ಒಬ್ಬ ಅಣ್ಣ, ‘ವ್ಯಾಪಾರಿ ದುಡ್ಡು ಕೊಡೋದು ತಡ ಆದ್ರೆ ನಾವೇನು ಮಾಡೋದು?’ ಅಂದರು. ಮೂಲೆಯಲ್ಲಿದ್ದ ಅಜ್ಜಿ ಹೇಳಿದರು: ‘ನಿಮಗೆ ತಡ ಆದ್ರೆ ಬೇಜಾರಷ್ಟೇ ಕಣಪ್ಪ. ನಮಗೆ ಬಟವಾಡೆ ತಪ್ಪಿದ್ರೆ ಸಂತೆ ತಪ್ತದೆ.’ ಅಣ್ಣ ಏನೂ ಮಾತಾಡಲಿಲ್ಲ. ನಾವೂ ಅಷ್ಟೇ.

ಹಕ್ಕಲು ಆಯುವ ನಿಯಮ (ಯಾಜಕಕಾಂಡ 19:9-10) ಇಲ್ಲಿ ಒಂದು ತಮಾಷೆ ತೊಡಕು ತಂದಿತು. ಹೊಲದ ಅಂಚು ಕೊಯ್ಯಬೇಡ, ಉದುರಿದ್ದು ಆಯಬೇಡ, ಬಡವರಿಗೆ ಬಿಡು. ಕಾಫಿಯಲ್ಲಿ ಹಾಗೆ ಬಿಟ್ಟರೆ ಕಾಯಿಕೊರಕ ಹುಳಕ್ಕೆ ಹಬ್ಬ! ಗಿಡದಲ್ಲಿ ಉಳಿದದ್ದು, ನೆಲಕ್ಕೆ ಬಿದ್ದದ್ದು ಎಲ್ಲ ಆಯ್ದು ತೆಗೆಯಲೇಬೇಕು. ಹಾಗಾದರೆ ಆಯ್ದದ್ದು ಯಾರಿಗೆ? ಉದುರು ಕಾಯಿ ಆಯ್ದವರಿಗೇ ಕೊಡಬಹುದಲ್ಲ ಅಂತ ಒಬ್ಬರು. ಎರಡು ತೋಟದವರು ಯೋಚನೆ ಮಾಡ್ತೇವೆ ಅಂದಿದ್ದಾರೆ. ನೋಡೋಣ.

ಸಭೆಯೂ (ಚರ್ಚೂ) ಮನೆವಾರ್ತೆಯವನೇ. ಯೆರೂಸಲೇಮಿನ ಬಡವರಿಗೆ ಹಣ ಸೇರಿಸಿದಾಗ ಪೌಲ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ, ಯಾರೂ ಬೆರಳು ತೋರಿಸಬಾರದು ಅಂತ (2 ಕೊರಿಂಥ 8:19-21). ಬಡ ವಿಧವೆ ತನ್ನಲ್ಲಿದ್ದ ಎರಡು ಕಾಸನ್ನೂ ಕಾಣಿಕೆಗೆ ಹಾಕಿದ ಕಥೆ (ಮಾರ್ಕ 12:41-44) ಕಾಣಿಕೆ ಎತ್ತುವಾಗ ಸುಮ್ನೆ ಓದುತ್ತೇವೆ. ಅದರ ಹಿಂದಿನ ವಚನ 40ನ್ನೂ ಓದಿ. ವಿಧವೆಯರ ಮನೆ ನುಂಗುವವರ ಬಗ್ಗೆ ಇದೆ. ಎರಡೂ ಕೂಡಿಸಿ ಓದಿದರೆ ಕಾಣಿಕೆ ಪೆಟ್ಟಿಗೆ ಇಟ್ಟವರಿಗೇ ಪ್ರಶ್ನೆ.

ಚರಿತ್ರೆಯಿಂದ ಒಂದೇ ಒಂದು ಲೆಕ್ಕ. ಹಾಸನದ ರೆಡ್‌ಫರ್ನ್ ಆಸ್ಪತ್ರೆ ಕಟ್ಟಿದ್ದು ವೆಸ್ಲಿಯನ್ ಮಿಷನ್. ವೆಸ್ಲಿಯನ್ ಅನ್ನುವ ಹೆಸರಿನ ಮೂಲ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ (1703-1791). ಆಕ್ಸ್‌ಫರ್ಡಿನ ಒಬ್ಬರ ಲೆಕ್ಕವನ್ನು ಅವರು ಬರೆದಿದ್ದಾರೆ. ಅದು ವೆಸ್ಲಿಯವರದೇ ಲೆಕ್ಕ ಅಂತ ಸಾಮಾನ್ಯವಾಗಿ ತಿಳಿಯುತ್ತಾರೆ. ಮೊದಲ ವರ್ಷ 30 ಪೌಂಡ್ ಬಂತು, 28ರಲ್ಲಿ ಜೀವನ, 2 ದಾನ. ಮರುವರ್ಷ 60, ಜೀವನ 28ರಲ್ಲೇ, ದಾನ 32. ಆಮೇಲೆ 90 ಬಂದಾಗ 62, 120 ಬಂದಾಗ 92. ಕಾಫಿ ರೇಟು ಏರಿದ ವರ್ಷ ನಮ್ಮ ಊರುಗಳಲ್ಲಿ ಏರುವುದು ಯಾವ ಸಂಖ್ಯೆ ಅಂತ ಹೇಳಬೇಕಾಗಿಲ್ಲ.

ಒಂದು ಪ್ರಶ್ನೆ ಉಳಿದುಕೊಂಡಿತು. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಬೇಡ ಅನ್ನುತ್ತದೆ ವಿಮೋಚನಕಾಂಡ 22:25. ತಲಾಂತಿನ ಕಥೆಯ ಯಜಮಾನ, ಬಡ್ಡಿಗಾದರೂ ಹಾಕಬಾರದಿತ್ತಾ ಅನ್ನುತ್ತಾನೆ. ಚೀಟಿ ನಡೆಸುವ ಅಕ್ಕ ಕೇಳಿದ್ದು ಇದನ್ನೇ. ಮುಂದಿನ ಶುಕ್ರವಾರ ಇದರಿಂದಲೇ ಶುರು. ಧರ್ಮೋಪದೇಶಕಾಂಡ 23:19-20 ಕೂಡ ಓದಿಕೊಂಡು ಬನ್ನಿ.