4ಕೆ ಮಾನಿಟರ್‌ನಲ್ಲಿ ಪೇಜ್‌ಮೇಕರ್ ಮಾತ್ರ ಯಾಕೆ ಮಸುಕು?

ಪ್ರಶ್ನೆ: ನಮ್ಮದು ಸಣ್ಣ ಡಿಟಿಪಿ ಸೆಂಟರ್. 24 ಇಂಚಿನ ಹಳೇ ಮಾನಿಟರ್ ತೆಗೆದು 27 ಇಂಚಿನ 4ಕೆ ಮಾನಿಟರ್ ಹಾಕಿಸಿದೆ. ಮೊದಲ ದಿನ ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಕಂಡವು. ವಿಂಡೋಸ್‌ನಲ್ಲಿ ಸ್ಕೇಲ್ (ಪರದೆಯ ಅಕ್ಷರ, ಮೆನು ಹಿಗ್ಗಿಸುವ ಸೆಟ್ಟಿಂಗ್) 150% ಮಾಡಿದ ಮೇಲೆ ಬ್ರೌಸರ್, ವಾಟ್ಸಾಪ್ ಎಲ್ಲ ಚೆನ್ನಾಗಿವೆ. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7 ಮಾತ್ರ ಮಂಜು ಕವಿದ ಹಾಗಿದೆ. ಲಗ್ನಪತ್ರಿಕೆ ತಿದ್ದುವಾಗ ‘ದ’ ಯಾವುದು ‘ಧ’ ಯಾವುದು ಗೊತ್ತಾಗುತ್ತಿಲ್ಲ. ಮಾನಿಟರ್ ವಾಪಸ್ ಕೊಡಲಾ?

ಉತ್ತರ: ಬೇಡ, ಇಟ್ಟುಕೊಳ್ಳಿ. ಬ್ರೌಸರ್ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ. ಮಾನಿಟರ್ ಕೆಟ್ಟಿದ್ದರೆ ಎಲ್ಲವೂ ಮಸುಕಾಗಬೇಕಿತ್ತು, ಅಲ್ವಾ?

ಇನ್ನೂ ಅನುಮಾನ ಇದ್ದರೆ ಪೇಜ್‌ಮೇಕರ್ ತೆರೆದು ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ಮೊಬೈಲ್‌ಗೆ ಕಳಿಸಿ ಹಿಗ್ಗಿಸಿ ನೋಡಿ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಅಕ್ಷರದ ಅಂಚು ಅಲ್ಲೂ ಬೂದು ಬೂದಾಗಿದ್ದರೆ ಮಸುಕು ಹುಟ್ಟಿದ್ದು ಕಂಪ್ಯೂಟರ್ ಒಳಗೇ. ಅಲ್ಲಿ ಸ್ವಚ್ಛವಾಗಿದ್ದು ಪರದೆಯಲ್ಲಿ ಮಾತ್ರ ಮಸುಕಾಗಿದ್ದರೆ ಆಗ ಕೇಬಲ್ಲನ್ನೋ ಮಾನಿಟರನ್ನೋ ಹಿಡಿಯಿರಿ. ನಿಮ್ಮ ವಿಷಯದಲ್ಲಿ ಮೊದಲನೆಯದೇ ಆಗುತ್ತದೆ, ನನಗೆ ಸಂಶಯವಿಲ್ಲ.

ಯಾಕೆ ಹೀಗೆ? ನಿಮ್ಮ ಹಳೇ ಮಾನಿಟರ್ 1920×1080ರದು, ಅಂದರೆ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕೆ (ಪಿಕ್ಸೆಲ್) ಇರುವಂಥದ್ದು ಅಂದುಕೊಳ್ಳುತ್ತೇನೆ. ಅದರಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕೆ. ಹೊಸದು 3840×2160, ಇಂಚಿಗೆ 163 ಚುಕ್ಕೆ. 16 ಚುಕ್ಕೆ ಎತ್ತರದ ಅಕ್ಷರ ಹಳೆಯದರಲ್ಲಿ ಸುಮಾರು 4.4 ಮಿಲಿಮೀಟರ್ ಇರುತ್ತಿತ್ತು. ಹೊಸದರಲ್ಲಿ ಅದೇ ಅಕ್ಷರ 2.5 ಮಿಲಿಮೀಟರ್. ನಿಮಗೆ ಕಂಡ ಇರುವೆ ಸಾಲು ಇದೇ. ಅಂದಹಾಗೆ, 150% ಮಾಡಿದರೂ ಅಕ್ಷರ 3.7 ಮಿಲಿಮೀಟರ್ ಅಷ್ಟೇ ಆಗುತ್ತದೆ. ಹಳೇ ಗಾತ್ರವೇ ಬೇಕಿದ್ದರೆ 175% ಇಡಿ. ದಿನವಿಡೀ ಕರಡು ತಿದ್ದುವ ಕಣ್ಣಿಗೆ ಅದೇ ಒಳ್ಳೆಯದು.

ಇನ್ನು ಪೇಜ್‌ಮೇಕರ್. ಏಳನೇ ಆವೃತ್ತಿ ಬಂದಿದ್ದು 2001ರಲ್ಲಿ. ಆಗ ವಿಂಡೋಸ್‌ನಲ್ಲಿ ಪರದೆ ಅಂದರೆ ಇಂಚಿಗೆ 96 ಚುಕ್ಕೆ ಅಂತಲೇ ಲೆಕ್ಕ. ‘ದಟ್ಟ ಪರದೆ ಇದ್ದರೂ ನಾನು ನೋಡಿಕೊಳ್ಳುತ್ತೇನೆ’ ಅಂತ ಸಾಫ್ಟ್‌ವೇರ್ ವಿಂಡೋಸ್‌ಗೆ ಹೇಳುವ ಏರ್ಪಾಡು ಬಂದಿದ್ದು ಆಮೇಲೆ, ವಿಂಡೋಸ್‌ನ ವಿಸ್ಟಾ ಆವೃತ್ತಿ ಜೊತೆ. ಹಾಗಾಗಿ ಪೇಜ್‌ಮೇಕರ್ ಅದನ್ನು ಹೇಳುವ ಹಾಗೇ ಇಲ್ಲ. ಹಾಗೆ ಹೇಳದ ಸಾಫ್ಟ್‌ವೇರ್‌ಗೆ ವಿಂಡೋಸ್ ಒಂದು ಸುಳ್ಳು ಹೇಳುತ್ತದೆ: ‘ಪರದೆ 96 ಚುಕ್ಕೆಯದೇ, ನೀನು ಬರಿ’. ಅದು ಪಾಪ ಚಿಕ್ಕದಾಗಿ ಬರೆಯುತ್ತದೆ. ವಿಂಡೋಸ್ ಆ ಚಿತ್ರವನ್ನು ಒಂದೂವರೆ ಪಟ್ಟು ಎಳೆದು ಪರದೆಗೆ ಅಂಟಿಸುತ್ತದೆ.

ಎಳೆದಾಗ ಒಂದು ಚುಕ್ಕೆ ಒಂದೂವರೆ ಚುಕ್ಕೆಯಷ್ಟು ಜಾಗ ತುಂಬಬೇಕು. ಪರದೆಯಲ್ಲಿ ಅರ್ಧ ಚುಕ್ಕೆ ಅನ್ನೋದು ಇಲ್ಲ. ಆ ಅರ್ಧದ ಜಾಗದಲ್ಲಿ ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಬೂದು ಬರುತ್ತದೆ. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡದಲ್ಲಿ ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು. ‘ಪ’ಗೂ ‘ಷ’ಗೂ ಅಷ್ಟೇ, ಒಳಗೊಂದು ಗೀಟು. ಚಿಕ್ಕ ಅಕ್ಷರದಲ್ಲಿ ಆ ಗೀಟು ಒಂದು ಚುಕ್ಕೆ ದಪ್ಪ ಇದ್ದರೆ ಹೆಚ್ಚು. ಅದು ಬೂದಿನಲ್ಲಿ ಕರಗಿದರೆ ‘ಧಾರಾ ಮುಹೂರ್ತ’ ಹೋಗಿ ‘ದಾರಾ ಮುಹೂರ್ತ’. ಒತ್ತಕ್ಷರಗಳ ಪಾಡಂತೂ ಕೇಳಲೇಬೇಡಿ.

ಇಲ್ಲೊಂದು ಸಮಾಧಾನ ಇದೆ. ಈ ಮಸುಕು ಪರದೆಯಲ್ಲಿ ಮಾತ್ರ. ಪ್ರಿಂಟ್‌ಗೂ ಪಿಡಿಎಫ್‌ಗೂ ಇದು ಹೋಗುವುದಿಲ್ಲ. ಕರಡನ್ನು ಪ್ರಿಂಟ್ ತೆಗೆದು ತಿದ್ದುವ ಅಭ್ಯಾಸ ಇದ್ದರೆ ಇವತ್ತಿನ ಕೆಲಸ ನಿಲ್ಲಿಸಬೇಕಾಗಿಲ್ಲ.

ಈಗ ಮಾಡಬೇಕಾದ್ದು. ಪೇಜ್‌ಮೇಕರ್ ಮುಚ್ಚಿ. ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿ ಕಂಪ್ಯಾಟಿಬಿಲಿಟಿ, ಅದರೊಳಗೆ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ತೆರೆದ ಕಿಟಕಿಯ ಕೆಳಭಾಗದಲ್ಲಿ ‘ಓವರ್‌ರೈಡ್’ ಅಂತ ಶುರುವಾಗುವ ಸಾಲಿಗೆ ಟಿಕ್ ಹಾಕಿದರೆ ಮೂರು ಆಯ್ಕೆ ಸಿಗುತ್ತವೆ. ಮೊದಲು ‘ಸಿಸ್ಟಮ್ ಎನ್‌ಹ್ಯಾನ್ಸ್ಡ್’ ಹಾಕಿ ನೋಡಿ. ಇದು 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಸೌಲಭ್ಯ. ಸಾಫ್ಟ್‌ವೇರ್‌ಗೆ ಹೇಳುವ ಸುಳ್ಳು ಹಾಗೇ ಇರುತ್ತದೆ, ಆದರೆ ಅದು ‘ಇಲ್ಲಿ ಈ ಅಕ್ಷರ ಬರಿ’ ಅಂದಾಗ ವಿಂಡೋಸ್ ಮಧ್ಯೆ ಬಂದು ತಾನೇ ದೊಡ್ಡದಾಗಿ, ಚೂಪಾಗಿ ಬರೆಯುತ್ತದೆ. ಫೋಟೋ, ಐಕಾನ್‌ಗಳು ಮಾತ್ರ ಮೊದಲಿನ ಹಾಗೇ ಎಳೆದಂತಿರುತ್ತವೆ.

ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದರಿಂದ ಮೆನು, ಪ್ಯಾಲೆಟ್ ಎಲ್ಲ ಅಡ್ಡಾದಿಡ್ಡಿ ಆಗುವುದುಂಟು. ಹಾಗಾದರೆ ‘ಅಪ್ಲಿಕೇಶನ್’ ಆಯ್ಕೆ ಹಾಕಿ. ಆಗ ಎಳೆಯುವ ಕೆಲಸವೇ ನಿಲ್ಲುತ್ತದೆ. ಎಲ್ಲ ಚೂಪು, ಆದರೆ ಮೆನು ಮತ್ತೆ ಇರುವೆ. ಪುಟವನ್ನಾದರೂ 200% ಜೂಮ್ ಮಾಡಿಕೊಂಡು ಓದಬಹುದು.

ಫೋಟೋಶಾಪ್ ಸಿಎಸ್6 ಇಟ್ಟುಕೊಂಡವರ ತೊಂದರೆ ಇದಕ್ಕೆ ತದ್ವಿರುದ್ಧ. ಅದು ‘ನಾನು ನೋಡಿಕೊಳ್ಳುತ್ತೇನೆ’ ಅಂದುಬಿಟ್ಟು ಏನೂ ಮಾಡುವುದಿಲ್ಲ. ಹಾಗಾಗಿ ಟೂಲ್‌ಗಳು ಸಾಸಿವೆ ಕಾಳಿನಷ್ಟು. ಅದಕ್ಕೆ ಇದೇ ಕಿಟಕಿಯಲ್ಲಿ ‘ಸಿಸ್ಟಮ್’ ಹಾಕಬೇಕು. ಸ್ವಲ್ಪ ಮಸುಕಾದರೂ ಕೈಗೆ ಸಿಗುತ್ತವೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಅಕ್ಷರ ದೊಡ್ಡದಾಗಲಿ ಅಂತ ರೆಸಲ್ಯೂಷನ್ನನ್ನೇ 1920×1080ಕ್ಕೆ ಇಳಿಸುವವರಿದ್ದಾರೆ. ಆಗ ಪೇಜ್‌ಮೇಕರ್ ಒಂದರ ಬದಲು ಎಲ್ಲವೂ ಮಸುಕಾಗುತ್ತದೆ. 80 ಲಕ್ಷಕ್ಕೂ ಜಾಸ್ತಿ ಚುಕ್ಕೆಗೆ ದುಡ್ಡು ಕೊಟ್ಟು ಸುಮಾರು 20 ಲಕ್ಷದ ಕೆಲಸ ತೆಗೆದಂತೆ. ರೆಸಲ್ಯೂಷನ್ ಪೂರ್ತಿ ಇರಲಿ, ಬದಲಿಸುವುದು ಸ್ಕೇಲ್ ಮಾತ್ರ.

ನೀವು ಕೇಳದ ಇನ್ನೊಂದು ಮಾತು. ಮೌಸ್ ಬಾಣ ಜರುಗುವಾಗ ಕುಪ್ಪಳಿಸಿದಂತೆ ಕಾಣುತ್ತಿದೆಯಾ? ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನೋ ಲೆಕ್ಕ) ನೋಡಿ. 60 ಹರ್ಟ್ಸ್ ಇರಬೇಕು. 30 ಅಂತ ಇದ್ದು ಬೇರೆ ಆಯ್ಕೆಯೇ ಇಲ್ಲದಿದ್ದರೆ ಮಾನಿಟರ್ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಪೋರ್ಟ್ ಹಳೆಯದಿರಬಹುದು. ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗೆ ನಿಲ್ಲುತ್ತದೆ, 60 ಬೇಕಾದರೆ 2.0 ಇರಬೇಕು. ನಾನು ಇದು ತಿಳಿಯದೆ ಸುಮ್ನೆ ಎರಡು ಕೇಬಲ್ ಕೊಂಡೆ, ಎರಡನೆಯದು ಚಿನ್ನದ ಬಣ್ಣದ ತುದಿಯದು, ದುಬಾರಿ. ಕಂಪ್ಯೂಟರ್‌ನ ಪೋರ್ಟೇ ಹಳೆಯದಾಗಿತ್ತು. ಪಕ್ಕದಲ್ಲೇ ಇದ್ದ ಡಿಸ್‌ಪ್ಲೇಪೋರ್ಟ್ ಅನ್ನೋ ಇನ್ನೊಂದು ಬಗೆಯ ಪೋರ್ಟ್‌ಗೆ ಮಾನಿಟರ್ ಜೊತೆಗೇ ಬಂದಿದ್ದ ಕೇಬಲ್ ಹಾಕಿದೆ, ಸರಿಹೋಯಿತು. ಆ ಕೇಬಲ್ ತಿಂಗಳಿಂದ ಡಬ್ಬದಲ್ಲೇ ಇತ್ತು.

ಇಷ್ಟಾದರೂ ಪೇಜ್‌ಮೇಕರ್ ನಿಮ್ಮ ಕಣ್ಣಿಗೆ ಹಿಡಿಸದಿದ್ದರೆ 24 ಇಂಚಿನ ಹಳೇ ಮಾನಿಟರನ್ನು ಮತ್ತೆ ಹೊರಗೆ ತೆಗೆಯಿರಿ, ಇನ್ನೂ ಮಾರಿಲ್ಲ ತಾನೇ? ಅದನ್ನು ಹೊಸದರ ಪಕ್ಕ ಎರಡನೇ ಪರದೆಯಾಗಿ ಸಿಕ್ಕಿಸಿ ಅದರ ಸ್ಕೇಲ್ 100% ಇಡಿ. ಮೇಲೆ ಹೇಳಿದ ಟಿಕ್ ತೆಗೆದು, ಪೇಜ್‌ಮೇಕರ್ ಕಿಟಕಿಯನ್ನು ಆ ಕಡೆ ಎಳೆದುಬಿಡಿ. 100% ಇರುವ ಪರದೆಯಲ್ಲಿ ವಿಂಡೋಸ್ ಏನನ್ನೂ ಎಳೆಯುವುದಿಲ್ಲ. ‘ಧ’ದ ಗೀಟು ಮೊದಲಿನ ಹಾಗೇ ನೆಟ್ಟಗೆ ಕಾಣುತ್ತದೆ.