ಮರುಸಮಾಧಿ: ಯುರೇ ಮತ್ತು 1925ರ ಫೋಟೊಗಳು

ಒಮ್ಮೆ ಹೂಳಿದ ದೇಹವನ್ನೋ ಅಸ್ಥಿಯನ್ನೋ ಹೊರತೆಗೆದು, ಸಂಸ್ಕಾರ ನಡೆಸಿ, ಇನ್ನೊಂದು ಕಡೆ ಹೂಳುವುದಕ್ಕೆ ಮರುಸಮಾಧಿ ಎನ್ನುತ್ತಾರೆ. ಸಂಶೋಧನೆಗಾಗಿ ಅಗೆದು ತೆಗೆಯುವುದು ಮರುಸಮಾಧಿಯಲ್ಲ. ಹೆಚ್ಚಾಗಿ ಸತ್ತವರ ಜನರೇ ಮುಂದೆ ನಿಂತು ಮಾಡುವ ಕಾರ್ಯವಿದು.

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಮೂಲನಿವಾಸಿಗಳಾದ ಯೂಟ್ ಜನರ ನಾಯಕರಾಗಿದ್ದ ಯುರೇ 1880ರ ಆಗಸ್ಟ್ 24ರಂದು ಅಲ್ಲಿನ ಇಗ್ನಾಸಿಯೊ ಊರಿನ ಹತ್ತಿರ ತೀರಿಕೊಂಡರು. ಅವರ ಜನ ಗುಟ್ಟಾಗಿ ಬಂಡೆಗಳ ನಡುವೆ ಹೂಳಿದರು. ಆ ಜಾಗ ಗೊತ್ತಿದ್ದವರು ಕೆಲವರೇ. ನಾಲ್ಕು ದಶಕ ಕಳೆದ ಮೇಲೆ, ಹಿರಿಯರ ಹೇಳಿಕೆಯ ಆಧಾರದಲ್ಲಿ ಅಸ್ಥಿಯನ್ನು ಗುರುತಿಸಿ, 1925ರ ಮೇ ತಿಂಗಳಲ್ಲಿ ಇಗ್ನಾಸಿಯೊ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಅವರ ಪತ್ನಿ ಚಿಪೀಟಾ 1924ರಲ್ಲಿ ಯೂಟಾ ರಾಜ್ಯದಲ್ಲಿ ತೀರಿಕೊಂಡಿದ್ದರು. ಅವರ ಮರುಸಮಾಧಿ ನಡೆದದ್ದು 1925ರ ಮಾರ್ಚ್‌ನಲ್ಲಿ, ಕೊಲೊರಾಡೊದ ಮಾಂಟ್ರೋಸ್ ಊರಿನ ಹತ್ತಿರ. ಗಂಡ ಹೆಂಡತಿ ಇಂದಿಗೂ ಬೇರೆ ಬೇರೆ ಊರಿನ ಮಣ್ಣಲ್ಲಿದ್ದಾರೆ.

ಈ ಮರುಸಮಾಧಿಗಳ ಹಳೆಯ ಫೋಟೊ ಮನೆಯ ಆಲ್ಬಮ್‌ನಲ್ಲಿದ್ದರೆ ಎಡವಟ್ಟಾಗುವುದು ಇಲ್ಲೇ. ಒಂದೇ ವರ್ಷ ಎರಡು ಕಾರ್ಯ ನಡೆದಿರುವುದರಿಂದ, ಹಿಂಬದಿಯಲ್ಲಿ 'ಯುರೇ ಸಮಾಧಿ, 1925' ಎಂದಷ್ಟೇ ಬರೆದಿದ್ದರೆ ನಂಬುವಂತಿಲ್ಲ. ಚಿತ್ರದಲ್ಲಿರುವ ಗುಡ್ಡದ ಸಾಲು, ಕಟ್ಟಡ, ಬೇಲಿಗಳನ್ನು ಎರಡೂ ಊರಿನ ಹಳೆಯ ಚಿತ್ರಗಳ ಜೊತೆ ಇಟ್ಟು ನೋಡಬೇಕು. ಪೋಸ್ಟ್‌ಕಾರ್ಡ್ ಫೋಟೊ ಆಗಿದ್ದರೆ ಸ್ಟಾಂಪ್ ಅಂಟಿಸುವ ಚೌಕದಲ್ಲಿ ಸುಳಿವಿರುತ್ತದೆ: 'ಅಜೊ' ಎಂಬ ಹೆಸರಿನ ಫೋಟೊ ಕಾಗದದಲ್ಲಿ ಆ ಚೌಕದ ಮೂಲೆಗಳ ನಾಲ್ಕೂ ತ್ರಿಕೋನ ಮೇಲ್ಮುಖವಾಗಿದ್ದರೆ ಸುಮಾರು 1904–1918; ಎರಡು ಮೇಲಕ್ಕೆ, ಎರಡು ಕೆಳಕ್ಕೆ ಇದ್ದರೆ ಸುಮಾರು 1918–1930. ಇದು ಕಾಗದದ ಕಾಲವನ್ನು ಹೇಳುತ್ತದೆಯೇ ಹೊರತು ಚಿತ್ರದ್ದನ್ನಲ್ಲ. ಹಳೆಯ ನೆಗೆಟಿವ್‌ನಿಂದ ಮುಂದೆ ಎಷ್ಟೋ ವರ್ಷಗಳ ಮೇಲೂ ಪ್ರತಿ ತೆಗೆದಿರಬಹುದು.

ಎರಡೂ ಬದಿಯನ್ನು ಕನಿಷ್ಠ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಚಿತ್ರದ ವಿವರ ಕಳೆಯದ ಟಿಫ್ ಕಡತವಾಗಿ ಇಡಿ. ಹಿಂದೆ ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲ್ ಸಾಕು, ಅದೂ ಅಂಚಿನಲ್ಲಿ. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ, ಆಮೇಲೆ ಬಿಡಿಸಲು ಹೋದರೆ ಚಿತ್ರವೇ ಹಾಳಾಗುತ್ತದೆ. ವಿವರಣೆ ಬರೆಯುವಾಗ ಹಿಂಬದಿಯ ಬರಹ, ಮನೆಯ ಹಿರಿಯರು ಹೇಳಿದ್ದು, ನೀವು ಊಹಿಸಿದ್ದು, ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಮೂರೂ ಬೆರೆತರೆ ಮುಂದಿನವರಿಗೆ ಬಿಡಿಸಲಾಗದು.

ಮೂಳೆಯೋ ತೆರೆದ ಪೆಟ್ಟಿಗೆಯೋ ಕಾಣುವ ಚಿತ್ರವನ್ನು ಎಲ್ಲರಿಗೂ ತೋರಿಸುವ ಮೊದಲು ಯೂಟ್ ಬುಡಕಟ್ಟಿನವರ ಒಪ್ಪಿಗೆ ಕೇಳಬೇಕು. 1990ರ ಅಮೆರಿಕನ್ ಕಾಯ್ದೆ ಮೂಲನಿವಾಸಿಗಳ ಅಸ್ಥಿಯನ್ನು ಸಂಗ್ರಹಾಲಯಗಳಿಂದ ಮರಳಿ ಪಡೆಯಲು ದಾರಿ ಮಾಡಿತು. ಮನೆಯಲ್ಲಿರುವ ಫೋಟೊ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಕೇಳಿ. ಅದರಲ್ಲಿರುವುದು ಅವರ ಹಿರಿಯರು.